ರಾಜ್ಯಪಕ್ಷಿ ಮಸ್ಕತ್‌ನಲ್ಲೇ ಇದೆ, ತೋರಿಸುವವರು ಬೇಕು



ರಜೆ ಮುಗಿಸಿ ಊರಿನಿಂದ ಮರಳಿದ ನಮ್ಮ ಮಕ್ಕಳ ಮಾತು ಒಂದೇ: "ಹಕ್ಕಿ, ಚಿಟ್ಟೆ ಎಲ್ಲ ಊರಲ್ಲಿ. ಇಲ್ಲಿ ಬರೀ ಮರಳು, ಬಿಸಿಲು, ಎ.ಸಿ." ದೊಡ್ಡವರಾದ ನಾವೂ ಇದನ್ನು ನಂಬಿಬಿಟ್ಟಿದ್ದೇವೆ. ನನಗಂತೂ ಇದು ಒಪ್ಪಿಗೆಯಿಲ್ಲ.

ಕರ್ನಾಟಕದ ರಾಜ್ಯಪಕ್ಷಿ ನೀಲಕಂಠ ಮಸ್ಕತ್‌ನಲ್ಲಿ ವರ್ಷವಿಡೀ ವಾಸವಾಗಿದೆ, ಅದೂ ವೀಸಾ ಇಲ್ಲದೆ! ಉದ್ಯಾನಗಳ ಅಂಚಿನಲ್ಲಿ, ಬಾತಿನಾ ಕಡೆಯ ತೋಟಗಳಲ್ಲಿ, ತಂತಿಯ ಮೇಲೆ ಕೂತಿರುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಅದರ ಯುರೋಪಿನ ದಾಯಾದಿಯೂ ಆಫ್ರಿಕಾಕ್ಕೆ ಹೋಗುವ ದಾರಿಯಲ್ಲಿ ಒಮಾನ್‌ನಲ್ಲಿ ಇಳಿಯುತ್ತದೆ. ಗುರುತು ಸುಲಭ. ಎದೆ ಕಂದು ಬಣ್ಣದ್ದಾಗಿದ್ದರೆ ನಮ್ಮದು. ತಲೆಯಿಂದ ಹೊಟ್ಟೆಯವರೆಗೂ ತಿಳಿನೀಲಿಯಾಗಿದ್ದರೆ ಪ್ರವಾಸಿ. ಕಿರೀಟ ಹೊತ್ತ ಚಂದ್ರಮುಕುಟವೂ ಇದೇ ಸಮಯದಲ್ಲಿ ಹುಲ್ಲುಹಾಸಿನ ಮೇಲೆ ಹುಳು ಹೆಕ್ಕುತ್ತಿರುತ್ತದೆ.

ಚಿಟ್ಟೆಗೆ ದೂರ ಹೋಗಬೇಕಿಲ್ಲ. ಬಾಲ್ಕನಿಯ ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಾಣುವ ಹುಳು ಇದ್ದರೆ ಔಷಧಿ ಹೊಡೆಯಬೇಡಿ. ಅದು ನಿಂಬೆ ಚಿಟ್ಟೆಯ ಮರಿಯಾಗಿರಬಹುದು. ವಾದಿಯ ಬದಿಯ ಎಕ್ಕದ ಗಿಡದ ಬಳಿ ಕಿತ್ತಳೆ ಬಣ್ಣದ ಪ್ಲೈನ್ ಟೈಗರ್ ಹಾರುತ್ತದೆ. ಹುಳುವಾಗಿದ್ದಾಗ ಎಕ್ಕದ ವಿಷ ತಿಂದು ಬೆಳೆದದ್ದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಡನಾಯ್ಡ್ ಎಗ್‌ಫ್ಲೈ ಎಂಬ ಇನ್ನೊಂದು ಜಾತಿಯ ಹೆಣ್ಣು ಚಿಟ್ಟೆ ಅದೇ ವೇಷ ಹಾಕಿ ಬದುಕಿಕೊಳ್ಳುತ್ತದೆ. ಹಿಂದಿನ ರೆಕ್ಕೆಯ ನಡುವೆ ಮೂರು-ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅಸಲಿ. ಮೇಲಂಚಿನಲ್ಲಿ ಒಂದೇ ಇದ್ದರೆ ನಕಲಿ.

ಇದನ್ನೆಲ್ಲ ಕನ್ನಡ ಸಂಘದ ಪತ್ರದಲ್ಲಿ ಏಕೆ ಬರೆಯಬೇಕು? ಕಾರಣವಿದೆ. ನಮ್ಮ ಮಕ್ಕಳ ಕನ್ನಡ ಅಡುಗೆಮನೆಯಲ್ಲಿ ಶುರುವಾಗಿ ಊಟದ ಮೇಜಿನಲ್ಲಿ ಮುಗಿಯುತ್ತಿದೆ. ಮನೆಯ ಬಾಗಿಲು ದಾಟಿದರೆ ಕಂಡದ್ದಕ್ಕೆಲ್ಲ ಇಂಗ್ಲಿಷ್ ಹೆಸರು. ಕಾಗುಣಿತ ತಿದ್ದಿಸಿದರಷ್ಟೇ ಸಾಲದು. ಕಣ್ಣೆದುರು ಕಂಡದ್ದನ್ನು ಕರೆಯಲು ಕನ್ನಡದ ಮಾತು ಬೇಕು. ನೀಲಕಂಠ, ಚಂದ್ರಮುಕುಟ, ಸೂರಕ್ಕಿ, ಗೊರವಂಕ: ಎಂಥ ಚೆಂದದ ಹೆಸರುಗಳು! ಬಳಸದಿದ್ದರೆ ನಮ್ಮ ತಲೆಮಾರಿಗೇ ಮುಗಿದುಹೋಗುತ್ತವೆ.

ಸಂಘದ ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟೇ. ಸೆಪ್ಟೆಂಬರ್‌ನ ಒಂದು ಶುಕ್ರವಾರ, ಬಿಸಿಲೇರುವ ಮೊದಲು, ಕನ್ನಡ ತರಗತಿಯನ್ನು ಖುರುಂ ಉದ್ಯಾನದಲ್ಲಿ ನಡೆಸೋಣ. ನೀರಿನ ಬಾಟಲಿ, ಟೋಪಿ, ನೋಟ್‌ಬುಕ್ ಸಾಕು; ಸಾಧ್ಯವಾದರೆ ಒಂದು ದುರ್ಬೀನು. ಕಂಡದ್ದನ್ನು ಮಕ್ಕಳು ಕನ್ನಡದಲ್ಲಿ ಬರೆಯಲಿ. ಗೊತ್ತಿಲ್ಲದ ಹೆಸರನ್ನು ಊರಿನ ಅಜ್ಜ-ಅಜ್ಜಿಗೆ ಫೋನ್ ಮಾಡಿ ಕೇಳಲಿ. ಅವರಿಗೂ ಖುಷಿಯಾಗುತ್ತದೆ.

ಬರುವವರು ಈ ಪತ್ರಕ್ಕೇ ಉತ್ತರ ಬರೆಯಿರಿ.