ಮೂರು ಮೆಟ್ಟಿಲು, ಹದಿನೆಂಟು ಅಡಿ

ಮೋಟೆಬೆನ್ನೂರಿನ ಕಡೆಯ ರೈತ ಹೇರು ತುಂಬಿದ ಗಾಡಿಯನ್ನು ಕೆರೆಯ ಏರಿ ಹತ್ತಿಸುವಾಗ ಎತ್ತುಗಳನ್ನು ನೆಟ್ಟಗೆ ಹೊಡೆಯುವುದಿಲ್ಲ. ಓರೆಯಾಗಿ, ದೂರದಿಂದ ಏರಿಸುತ್ತಾನೆ. ಬ್ಯಾಡಗಿ ಪೇಟೆಯ ಹಮಾಲ ಎಣ್ಣೆಯ ಡ್ರಮ್ಮನ್ನು ಲಾರಿಗೆ ಉರುಳಿಸಬೇಕಾದರೆ ಉದ್ದನೆಯ ಹಲಗೆಯನ್ನೇ ಹುಡುಕುತ್ತಾನೆ. ದಾರಿ ಉದ್ದವಾದಷ್ಟೂ ಬೇಕಾದ ಬಲ ಕಡಿಮೆ. ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಸನ್ನೆ, ರಾಟೆಗಳ ಜೊತೆಗೆ ಬರುವ ‘ಇಳಿಜಾರು’ ಎಂಬ ಸರಳ ಯಂತ್ರ ಇದೇ.

ಡ್ರಮ್ಮಿಗೂ ಚೀಲಕ್ಕೂ ತಿಳಿದು ಬಳಸುವ ಈ ವಿಜ್ಞಾನವನ್ನು ಮನುಷ್ಯರಿಗಾಗಿ ಕಟ್ಟುವಾಗ ಮಾತ್ರ ನಾವು ಮರೆಯುತ್ತೇವೆ. ಶಾಲೆ, ಪಂಚಾಯಿತಿ ಕಚೇರಿ, ಬ್ಯಾಂಕು, ಆಸ್ಪತ್ರೆಗಳ ಮುಂದೆ ‘ರ‍್ಯಾಂಪ್’ ಎಂದು ಒಂದಿಷ್ಟು ಸಿಮೆಂಟು ಸುರಿದು ಕೈತೊಳೆದುಕೊಳ್ಳುವುದುಂಟು. ಅದರ ಮೇಲೆ ಗಾಲಿ ಕುರ್ಚಿ ಹತ್ತುತ್ತದೆಯೇ ಎಂದು ಅಳೆದು ನೋಡುವವರು ವಿರಳ.

ಲೆಕ್ಕ ನೋಡಿ. ಕಟ್ಟಡಕ್ಕೆ ಮೂರು ಮೆಟ್ಟಿಲು, ಒಂದೊಂದೂ 15 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. ಒಟ್ಟು ಎತ್ತರ 45 ಸೆಂಟಿಮೀಟರ್. ಗಾಲಿ ಕುರ್ಚಿಗಾಗಿ ಕಟ್ಟುವ ಇಳಿಜಾರಿಗೆ ನಮ್ಮ ದೇಶದ ಮಾರ್ಗಸೂಚಿ ಒಪ್ಪುವ ಗರಿಷ್ಠ ಏರು 1:12. ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. 45 ಸೆಂಟಿಮೀಟರ್ ಎತ್ತರಕ್ಕೆ 540 ಸೆಂಟಿಮೀಟರ್, ಹೆಚ್ಚು ಕಡಿಮೆ 18 ಅಡಿ ಬೇಕು. ಮಗು ಮತ್ತು ಕುರ್ಚಿಯ ತೂಕ ಸೇರಿ 60 ಕಿಲೋ ಇದ್ದರೆ, ಘರ್ಷಣೆಯನ್ನು ಬಿಟ್ಟು ಹೇಳುವುದಾದರೆ, ಈ ಏರಿನಲ್ಲಿ 5 ಕಿಲೋ ಎತ್ತುವಷ್ಟು ಬಲ ಸಾಕು. ಜಾಗ ಉಳಿಸಲೆಂದು ಗೌಂಡಿ ಅದನ್ನೇ 6 ಅಡಿಯಲ್ಲಿ ಮುಗಿಸಿದರೆ ಏರು 1:4 ಆಗಿ, ಬೇಕಾದ ಬಲ ಸುಮಾರು 15 ಕಿಲೋಗೆ ಜಿಗಿಯುತ್ತದೆ. ಸಾಲದ್ದಕ್ಕೆ ಕುರ್ಚಿಯ ಗುರುತ್ವ ಕೇಂದ್ರ ಹಿಂದಿನ ಗಾಲಿಯತ್ತ ಸರಿದು ಹಿಂದಕ್ಕೆ ಮಗುಚುವ ಭಯ. ಇಳಿಯುವಾಗ ಕೈಗೆ ಸಿಗದೆ ಉರುಳುವ ಭಯ ಬೇರೆ.

ಹದಿನೆಂಟು ಅಡಿ ಜಾಗವಿಲ್ಲ ಎಂದರೆ ಘಟ್ಟದ ರಸ್ತೆಯ ಉಪಾಯವಿದೆ: ದಾರಿಯನ್ನು ಮಡಚಿ ತಿರುಗಿಸುವುದು. ತಿರುವಿನಲ್ಲಿ ಕುರ್ಚಿ ನಿಂತು ಹೊರಳಲು ಒಂದೂವರೆ ಮೀಟರ್ ಉದ್ದಗಲದ ಸಮತಟ್ಟು ಜಾಗ, ಎರಡೂ ಬದಿಗೆ ಹಿಡಿಕಂಬಿ, ಮಳೆಯಲ್ಲಿ ಜಾರದಂಥ ಒರಟು ನೆಲ ಇರಬೇಕು. ನುಣುಪಾದ ಟೈಲ್ಸ್ ಕಣ್ಣಿಗೆ ಚೆಂದ, ಕಾಲಿಗೆ ಅಪಾಯ.

ಇನ್ನು ಬಾಗಿಲು. ಹೊಸ್ತಿಲನ್ನು ಪೂಜಿಸುವ ನಾಡು ನಮ್ಮದು. ಆದರೆ ಗಾಲಿ ಕುರ್ಚಿಯ ಮುಂದಿನ ಚಕ್ರ ಬಹಳ ಚಿಕ್ಕದು. ಚಕ್ರದ ತ್ರಿಜ್ಯದಷ್ಟು ಎತ್ತರದ ಅಡ್ಡಿ ಎದುರಾದರೆ, ಮುಂದಕ್ಕೆ ಎಷ್ಟು ಜೋರಾಗಿ ತಳ್ಳಿದರೂ ಆ ಚಕ್ರ ಏರಲಾರದು. ಕಲ್ಲುಮುಳ್ಳಿನ ದಾರಿಯ ಎತ್ತಿನ ಗಾಡಿಗೆ ಅಷ್ಟು ದೊಡ್ಡ ಗಾಲಿ ಇರುವುದೂ ಇದೇ ಕಾರಣಕ್ಕೆ. ಮನೆಯ ಹೊಸ್ತಿಲಿಗೆ ಎರಡೂ ಕಡೆ ಮರದ ಓರೆ ತುಂಡು ಜೋಡಿಸಿದರೆ ಪೂಜೆಯೂ ಉಳಿಯುತ್ತದೆ, ದಾರಿಯೂ ಆಗುತ್ತದೆ. ಸಾರ್ವಜನಿಕ ಕಟ್ಟಡಕ್ಕಂತೂ ಎತ್ತರದ ಹೊಸ್ತಿಲು ಬೇಡ. ಬಾಗಿಲಿನ ಅಗಲ 90 ಸೆಂಟಿಮೀಟರ್ ಇರಲಿ.

ಅಡ್ಡಿ ಎಂಬುದು ಕಾಲಿಗಷ್ಟೇ ಅಲ್ಲ, ಕಣ್ಣಿಗೂ ಇದೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಇಬ್ಬರೂ ಹುಟ್ಟಿದ್ದು ಇಂದಿನ ಹಾವೇರಿ ಜಿಲ್ಲೆಯ ನೆಲದಲ್ಲಿ. ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಗದಗಿನ ಪುಣ್ಯಾಶ್ರಮದಲ್ಲಿ ಸಂಗೀತದ ದಾರಿ ತೋರಿದವರು ಅವರು. ಅಂಥ ಮಕ್ಕಳು ಬೀದಿಯಲ್ಲಿ ಒಬ್ಬರೇ ನಡೆಯಲು ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಒಂದು ಬಿಲ್ಲೆಯನ್ನು ರೂಪಿಸಿದರು. ಅದನ್ನು ಮೊದಲು ಹಾಸಿದ್ದು 1967ರಲ್ಲಿ, ಒಕಾಯಾಮ ನಗರದ ಅಂಧರ ಶಾಲೆಯ ಬಳಿ. ಉಬ್ಬಿದ ಗೆರೆ ಅಂಗಾಲಿಗೆ ತಾಗಿದರೆ ‘ಮುಂದೆ ನಡೆ’, ಉಬ್ಬಿದ ಚುಕ್ಕೆ ತಾಗಿದರೆ ‘ನಿಲ್ಲು’. ಬೆಂಗಳೂರಿನ ಮೆಟ್ರೊ ನಿಲ್ದಾಣಗಳ ನೆಲದಲ್ಲಿ ಕಾಣುವ ಹಳದಿ ಪಟ್ಟಿ ಇದೇ. ಹಳ್ಳಿಯ ಶಾಲೆಗೆ ಅಷ್ಟು ಆಗದಿದ್ದರೂ ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿಯಬಹುದು. ಮಂದದೃಷ್ಟಿಯ ಮಗು ಎಡವುವುದು ತಪ್ಪುತ್ತದೆ.

ತಂದೆ ತಾಯಿಯರು ‘ಎತ್ತಿಕೊಂಡು ಹೋಗಿ ಕೂಡ್ರಿಸುತ್ತೇವೆ, ಇಳಿಜಾರೇಕೆ?’ ಎನ್ನುವುದುಂಟು. ಒಂದನೆಯ ಇಯತ್ತೆಯ ಮಗುವನ್ನು ಎತ್ತಬಹುದು. ಏಳನೆಯ ಇಯತ್ತೆಗೆ ಬರುವಷ್ಟರಲ್ಲಿ ಮಗು ಭಾರವಾಗಿರುತ್ತದೆ, ಎತ್ತುವವರಿಗೆ ವಯಸ್ಸಾಗಿರುತ್ತದೆ. ಎತ್ತಿಸಿಕೊಳ್ಳಲು ಮಗುವಿಗೂ ಸಂಕೋಚ. ಶೌಚಾಲಯದ ಬಾಗಿಲಲ್ಲಿ ಕುರ್ಚಿ ಹಿಡಿಸದಿದ್ದರೆ ಬಾಲಕಿ ಬೆಳಗಿನಿಂದ ಸಂಜೆಯವರೆಗೆ ನೀರು ಕುಡಿಯದೆ ಕೂಡುತ್ತಾಳೆ. ಕೊನೆಗೊಂದು ದಿನ ಶಾಲೆಯೇ ನಿಲ್ಲುತ್ತದೆ. ಅವಳ ಓದು ಬುದ್ಧಿಯ ಕೊರತೆಯಿಂದ ನಿಲ್ಲಲಿಲ್ಲ, ಮೂರು ಮೆಟ್ಟಿಲಿನಿಂದ ನಿಂತಿತು.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13 ಲಕ್ಷಕ್ಕೂ ಹೆಚ್ಚು. ಅವರಿಗೆ ದಾರಿ ಮಾಡಿಕೊಡುವುದು ಉಪಕಾರದ ಮಾತಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ, ಶಾಲೆಯ ಕಟ್ಟಡಕ್ಕೆ ಅಡೆತಡೆಯಿಲ್ಲದ ಪ್ರವೇಶ ಇರಬೇಕೆಂದು ಹೇಳಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹಳೆಯ ಸಾರ್ವಜನಿಕ ಕಟ್ಟಡಗಳನ್ನು ಸರಿಪಡಿಸಲು ಐದು ವರ್ಷದ ಗಡುವು ಕೊಟ್ಟಿತು. 2017ರಲ್ಲಿ ನಿಯಮಗಳು ಬಂದವು, 2022ಕ್ಕೆ ಗಡುವು ಮುಗಿಯಿತು. ಇವು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ಅಳತೆಗಳಾಗಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಹೇಳಿತು.

ವಿದ್ಯಾರ್ಥಿಗಳಿಗೆ ಈ ವಾರದ ಪ್ರಯೋಗ ಇದು. ಒಂದು ಅಳತೆ ಟೇಪು, ಒಂದು ನೋಟ್‌ಬುಕ್ ಸಾಕು. ನಿಮ್ಮ ಶಾಲೆಯ ಅಥವಾ ಪಂಚಾಯಿತಿಯ ರ‍್ಯಾಂಪಿನ ಪಕ್ಕದಲ್ಲಿ, ಮಟ್ಟವಾದ ನೆಲದ ಮೇಲೆ ಅದರ ಉದ್ದ ಅಳೆಯಿರಿ. ಮೇಲ್ತುದಿ ನೆಲದಿಂದ ಎಷ್ಟು ಎತ್ತರ ಎಂದು ಅಳೆಯಿರಿ. ಉದ್ದವನ್ನು ಎತ್ತರದಿಂದ ಭಾಗಿಸಿ. 12 ಅಥವಾ ಅದಕ್ಕೂ ಹೆಚ್ಚು ಬಂದರೆ ಏರು ಸರಿಯಿದೆ. 5 ಅಥವಾ 6 ಬಂದರೆ ಲೆಕ್ಕದ ಹಾಳೆಯನ್ನು ಮುಖ್ಯೋಪಾಧ್ಯಾಯರಿಗೂ ಶಾಲಾ ಸಮಿತಿಗೂ ಕೊಡಿ. ಗ್ರಾಮಸಭೆಯಲ್ಲಿ ತಂದೆ ತಾಯಿಯರು ಅದನ್ನು ಓದಲಿ. ಸರಿಯಾಗಿ ಕಟ್ಟಿದ ದಾರಿಯಲ್ಲಿ ಮೊಣಕಾಲು ನೋವಿನ ಅಜ್ಜಿ ನಡೆಯುತ್ತಾಳೆ, ತುಂಬು ಬಸುರಿ ನಡೆಯುತ್ತಾಳೆ, ಬಿಸಿಯೂಟದ ಅಕ್ಕಿ ಚೀಲದ ಕೈಗಾಡಿಯೂ ಹತ್ತುತ್ತದೆ. ಗಾಲಿ ಕುರ್ಚಿಯ ಬಾಲಕಿ ಯಾರನ್ನೂ ಕರೆಯದೆ ತಾನೇ ತರಗತಿಗೆ ಬರುತ್ತಾಳೆ.