ಹಳೆಯ ಗುಹೆಗೆ ಹೊಸ ನಿಯಮ

ಚದುರಂಗವಾಗಲಿ ಪಗಡೆಯಾಗಲಿ, ಆಟ ಮುಗಿಯುವವರೆಗೂ ನಿಯಮ ಒಂದೇ ಆಗಿರಬೇಕೆಂಬುದು ಎಲ್ಲರೂ ಒಪ್ಪುವ ಮಾತು. ಆದರೆ ವರ್ಷಗಟ್ಟಲೆ ಮುಗಿಯದ ಆಟವೊಂದಿದ್ದು, ಅದರ ನಡುವೆ ನಿಯಮದ ಪುಸ್ತಕವೇ ಹೊಸದಾಗಿ ಅಚ್ಚಾಗಿ ಬಂದರೆ ಆಡುವವರು ಏನು ಮಾಡಬೇಕು? ಅಮೆರಿಕದಲ್ಲಿ ಹುಟ್ಟಿ ಲೋಕದ ನಾನಾ ಕಡೆ ಹರಡಿರುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟದ ಅಭಿಮಾನಿಗಳಿಗೆ ಈ ಪ್ರಶ್ನೆ ಒಂದಲ್ಲ, ಹಲವು ಬಾರಿ ಎದುರಾಗಿದೆ.

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ಈ ಆಟ 1974ರಲ್ಲಿ ಮೂರು ಸಣ್ಣ ಪುಸ್ತಿಕೆಗಳ ಪೆಟ್ಟಿಗೆಯಾಗಿ ಹೊರಬಂತು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು ಆಡುವ ಆಟವಿದು. ಅವರಲ್ಲೊಬ್ಬ ಸೂತ್ರಧಾರ. ಉಳಿದವರು ಯೋಧ, ಮಾಂತ್ರಿಕ, ಪುರೋಹಿತ, ಕಳ್ಳ ಎಂದು ಒಂದೊಂದು ಪಾತ್ರ ವಹಿಸುತ್ತಾರೆ. ‘ಬಾಗಿಲು ತೆರೆಯುತ್ತೇನೆ’ ಎಂದು ಒಬ್ಬ ನುಡಿದರೆ, ಒಳಗೆ ಕಾಣುವುದೇನೆಂದು ಸೂತ್ರಧಾರ ವರ್ಣಿಸುತ್ತಾನೆ. ಕತ್ತಿಯ ಏಟು ತಗುಲಿತೆ, ತಪ್ಪಿತೆ ಎಂಬುದನ್ನು ಇಪ್ಪತ್ತು ಮುಖಗಳ ದಾಳ ತೀರ್ಮಾನಿಸುತ್ತದೆ. ಒಂದೇ ಕಥೆ ವಾರವಾರವೂ ಮುಂದುವರಿದು, ಪಾತ್ರಗಳು ಬಲ ಹೆಚ್ಚಿಸಿಕೊಂಡು ಮೇಲೇರುತ್ತವೆ. ಧಾರಾವಾಹಿಗಾಗಿ ವಾರವಿಡೀ ಕಾಯುವ ವಾಚಕರಿಗೆ ಈ ರುಚಿಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

1977ರಿಂದ 1979ರವರೆಗೆ ‘ಅಡ್ವಾನ್ಸ್‌ಡ್’ ಎಂಬ ವಿಸ್ತಾರವಾದ ನಿಯಮಾವಳಿ ಬಂತು. ಅದರ ಎರಡನೆಯ ಆವೃತ್ತಿ 1989ರಲ್ಲಿ. ಬಳಿಕ ಮೂರನೆಯದು 2000ದಲ್ಲಿ, ನಾಲ್ಕನೆಯದು 2008ರಲ್ಲಿ, ಐದನೆಯದು 2014ರಲ್ಲಿ. ಐದನೆಯದರ ಪರಿಷ್ಕೃತ ರೂಪ 2024ರಲ್ಲಿ. ಪ್ರತಿಸಲವೂ ಕಪಾಟಿನಲ್ಲಿದ್ದ ಹಳೆಯ ಸಾಹಸಕಥೆಗಳನ್ನೂ, ಅಕ್ಕರೆಯಿಂದ ಬೆಳೆಸಿದ ಪಾತ್ರಗಳನ್ನೂ ಹೊಸ ನಿಯಮಕ್ಕೆ ಹೊಂದಿಸುವ ಕೆಲಸ ಸೂತ್ರಧಾರನ ಪಾಲಿಗೆ ಬಂತು.

ಇದರಲ್ಲಿ ಲೆಕ್ಕದ ಭಾಗ ಸುಲಭವಾದುದು. ಎರಡನೆಯ ಆವೃತ್ತಿಯಲ್ಲಿ ಕವಚದ ಅಂಕೆ ಕಡಿಮೆಯಾದಷ್ಟೂ ರಕ್ಷಣೆ ಹೆಚ್ಚು. ಮೂರನೆಯದರಲ್ಲಿ ಅಂಕೆ ಹೆಚ್ಚಿದಷ್ಟೂ ರಕ್ಷಣೆ ಹೆಚ್ಚು. ಹಳೆಯ ಅಂಕೆಯನ್ನು 20ರಿಂದ ಕಳೆದರೆ ಹೊಸದು ಸಿಗುತ್ತದೆ. ಹೀಗೆ 3 ಎಂಬುದು 17 ಆಗುತ್ತದೆ. ‘ಥ್ಯಾಕೊ’ ಎಂಬ ಹಳೆಯ ಆಕ್ರಮಣದ ಅಂಕೆ 15 ಇದ್ದವನಿಗೆ ಹೊಸ ಲೆಕ್ಕದಲ್ಲಿ ದಾಳಕ್ಕೆ 5 ಕೂಡಿಸುವ ಅಧಿಕಾರ. ಹಿಂದೆ 15ರಲ್ಲಿ 3 ಕಳೆದು, ದಾಳದಲ್ಲಿ 12 ಬೀಳಬೇಕಾಗಿತ್ತು. ಈಗ 17ರಲ್ಲಿ 5 ಕಳೆದರೂ ಅದೇ 12. 1957ರಲ್ಲಿ ನಯಾ ಪೈಸೆ ಬಂದಾಗ ಒಂದಾಣೆಗೆ ಆರೂಕಾಲು ಪೈಸೆಯೆಂದು ಲೆಕ್ಕ ಹಾಕಿದಂತೆಯೇ ಇದೂ.

ಆದರೆ ಎಲ್ಲ ನಿಯಮಗಳೂ ಹೀಗೆ ಕೂಡಿಸಿ ಕಳೆಯುವುದಕ್ಕೆ ಒಗ್ಗುವುದಿಲ್ಲ. ‘ಅಡ್ವಾನ್ಸ್‌ಡ್’ ನಿಯಮದಲ್ಲಿ ಓರ್ಕ್ ಎಂಬ ದೈತ್ಯಜಾತಿಯವನ ಪ್ರಾಣಬಲ ಎಂಟು ಮುಖದ ಒಂದು ದಾಳದಷ್ಟು, ಎಂದರೆ ಸರಾಸರಿ ನಾಲ್ಕೂವರೆ. 2014ರ ಪುಸ್ತಕದಲ್ಲಿ ಅದೇ ಓರ್ಕನಿಗೆ 15. ವೀರರ ಬಲವೂ ಹೆಚ್ಚಿರುವುದರಿಂದ ಹಳೆಯ ಅಂಕೆಯನ್ನು ಉಳಿಸಿದರೆ ಅವನು ಹುಲ್ಲುಕಡ್ಡಿಯಾಗುತ್ತಾನೆ. ಇಲ್ಲಿ ಹಳೆಯದನ್ನು ಗುಣಿಸುತ್ತ ಕೂರುವುದು ವ್ಯರ್ಥ. ಹೊಸ ಪುಸ್ತಕದ ಓರ್ಕನನ್ನೇ ಹಳೆಯ ಗುಹೆಯಲ್ಲಿ ನಿಲ್ಲಿಸಿ, ಎಷ್ಟು ಮಂದಿ ಇರಬೇಕೆಂಬುದನ್ನು ಮಾತ್ರ ತೂಗಿ ನೋಡಬೇಕು.

ಜೇಡನ ಸಂಗತಿ ಇನ್ನೂ ಸೂಕ್ಷ್ಮ. ಹಳೆಯ ನಿಯಮದಲ್ಲಿ ದೈತ್ಯ ಜೇಡ ಕಚ್ಚಿ ದಾಳ ಕೈಕೊಟ್ಟರೆ ಮರಣವೇ ಗತಿ. ಐದನೆಯ ಆವೃತ್ತಿಯಲ್ಲಿ ವಿಷದಿಂದ ಪ್ರಾಣಬಲ ಕುಗ್ಗುತ್ತದೆಯಷ್ಟೆ. ಹೊಸದನ್ನು ತಂದರೆ ಕತ್ತಲೆಯ ಮೂಲೆಯ ಭೀತಿ ಮಾಯವಾಗುತ್ತದೆ. ಹಳೆಯದನ್ನು ಉಳಿಸಿದರೆ, ಮೂರು ವರ್ಷ ಬೆಳೆಸಿದ ಪಾತ್ರವನ್ನು ಒಂದೇ ದಾಳಕ್ಕೆ ಕಳೆದುಕೊಂಡ ಆಟಗಾರ ಮೋಸವಾಯಿತೆನ್ನುತ್ತಾನೆ. ಸರಿಯಾದ ಮಾರ್ಗವೆಂದರೆ ಹೊಸ ವಿಷವನ್ನೇ ಇರಿಸಿಕೊಂಡು, ಬಲೆಯಲ್ಲಿ ಒಣಗಿ ತೂಗುವ ಶವವನ್ನೂ ಆರಿಹೋಗುವ ಪಂಜನ್ನೂ ಮುಂಚೆಯೇ ತೋರಿಸುವುದು. ಭಯ ಉಳಿಯುತ್ತದೆ, ಅನ್ಯಾಯವಾಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದುದು ಬಂಗಾರ. ಹಿಂದೆ ಗುಹೆಯಿಂದ ತಂದ ಒಂದೊಂದು ಚಿನ್ನದ ನಾಣ್ಯಕ್ಕೂ ಒಂದು ಅನುಭವಾಂಕ ದೊರೆಯುತ್ತಿತ್ತು. ರಾಕ್ಷಸನನ್ನು ಕೊಂದರೆ ಸಿಗುತ್ತಿದ್ದುದು ಅಲ್ಪ. ಅವನು ನಿದ್ರಿಸುವಾಗ ಪೆಟ್ಟಿಗೆ ಎತ್ತಿಕೊಂಡು ಬರುವುದೇ ಜಾಣತನ. ಮೂರನೆಯ ಆವೃತ್ತಿ ಆ ನಿಯಮವನ್ನು ತೆಗೆದುಹಾಕಿ, ಎದುರಾಳಿಯನ್ನು ಗೆದ್ದುದಕ್ಕೆ ಅಂಕ ಕೊಟ್ಟಿತು. ಆದ್ದರಿಂದ ಹಳೆಯ ಗುಹೆ ಹಾಗೆಯೇ ಇದ್ದರೂ ಅದರೊಳಗೆ ಹೋಗುವವರ ಬುದ್ಧಿಯೇ ಬದಲಾಗುತ್ತದೆ, ನುಸುಳುತ್ತಿದ್ದವರು ನುಗ್ಗುತ್ತಾರೆ. ಗುಹೆಯ ಸ್ವಭಾವ ಉಳಿಯಬೇಕಾದರೆ, ಕಾದಾಡದೆ ಪಾರಾದವರಿಗೂ ಸಮನಾದ ಫಲವುಂಟೆಂದು ಸೂತ್ರಧಾರ ಸಾರಬೇಕು. ನಿಯಮ ಏನು ಹೇಳುತ್ತದೆಂಬುದಕ್ಕಿಂತ ಆಡುವವರಿಂದ ಏನು ಮಾಡಿಸುತ್ತದೆಂಬುದನ್ನು ಗಮನಿಸುವುದೇ ಈ ಕೆಲಸದ ಮರ್ಮ.

ಪಾತ್ರಗಳನ್ನು ಹೊಂದಿಸುವಾಗ ಈ ವಿವೇಕ ಇನ್ನೂ ಅಗತ್ಯ. ಎರಡನೆಯ ಆವೃತ್ತಿಯಲ್ಲಿ ಎಲ್ಫ್ ಜಾತಿಯ ಕನ್ಯೆಯೊಬ್ಬಳು ಕತ್ತಿವಿದ್ಯೆ, ಮಂತ್ರವಿದ್ಯೆಗಳೆರಡರಲ್ಲೂ ಒಟ್ಟಿಗೆ ಐದನೆಯ ಮಟ್ಟಕ್ಕೇರಿರಬಹುದು. ಮೂರನೆಯದರಲ್ಲಿ ಎರಡೂ ಮಟ್ಟಗಳನ್ನು ಕೂಡಿ ಎಣಿಸುತ್ತಾರೆ. ಅವಳನ್ನು ಹತ್ತನೆಯ ಮಟ್ಟದವಳೆಂದರೆ ಜೊತೆಗಾರರೆಲ್ಲ ಅವಳ ಮುಂದೆ ಕುಬ್ಜರು. ಅವರ ಸಮಕ್ಕೆ ಇಳಿಸಿದರೆ ಮಂತ್ರಗಳು ಕೈಬಿಡುತ್ತವೆ. ಕಳೆದ ವಾರ ಬೆಂಕಿಯ ಉಂಡೆಯನ್ನೆಸೆದು ಎಲ್ಲರನ್ನೂ ಕಾಪಾಡಿದವಳು ಈ ವಾರ ಆ ಮಂತ್ರವನ್ನೇ ಮರೆತಳೆಂದರೆ, ಅವಳನ್ನು ಆಡಿಸುತ್ತಿರುವ ಹುಡುಗಿ ಹೇಗೆ ಒಪ್ಪಿಯಾಳು? ಅವಳ ಮಟ್ಟ ಇಳಿಸಿದರೂ, ದಿನಕ್ಕೊಮ್ಮೆ ಅದೇ ಬೆಂಕಿಯನ್ನುಗುಳುವ ಉಂಗುರವೊಂದನ್ನು ಕಥೆಯೊಳಗೆ ಕೊಟ್ಟರೆ ನಿಯಮವೂ ಉಳಿಯಿತು, ಹುಡುಗಿಯ ಮನಸ್ಸೂ ಉಳಿಯಿತು. ಯಾವುದನ್ನು ಬಿಟ್ಟರೆ ಅವಳು ಅವಳಾಗಿ ಉಳಿಯುವುದಿಲ್ಲವೆಂದು ಮೊದಲು ಹುಡುಗಿಯನ್ನೇ ಕೇಳಿ, ಆಮೇಲೆ ಪೆನ್ಸಿಲ್ ಹಿಡಿಯುವುದು ಲೇಸು.

2000ದಲ್ಲಿ ಪ್ರಕಾಶಕರೇ ಪರಿವರ್ತನೆಗೆಂದು ಕೈಪಿಡಿಯೊಂದನ್ನು ಹೊರತಂದರು. 2017ರಲ್ಲಿ, 1978ರ ‘ಟೂಂಬ್ ಆಫ್ ಹಾರರ್ಸ್’ ಸೇರಿದಂತೆ ಏಳು ಸಾಹಸಗಳನ್ನು ಐದನೆಯ ಆವೃತ್ತಿಗೆ ಹೊಂದಿಸಿ ಒಂದೇ ಗ್ರಂಥವಾಗಿ ಅಚ್ಚುಮಾಡಿದರು. ಇವುಗಳಿಂದ ಶ್ರಮ ತಗ್ಗಿತು, ನಿಜ. ಆದರೆ ನಿಮ್ಮ ಮೇಜಿನ ಸುತ್ತ ಕೂರುವವರು ಯಾರು, ಅವರಿಗೆ ಯಾವುದು ಪ್ರಿಯ ಎಂಬುದು ಯಾವ ಕೈಪಿಡಿಗೂ ತಿಳಿಯದು.

ಇಷ್ಟಾಗಿಯೂ ಹೊಸದು ಬೇಡವೆನ್ನುವವರಿಗೆ ಅಡ್ಡಿಯೇನೂ ಇಲ್ಲ. ಆಣೆಯ ನಾಣ್ಯ ಇಂದು ಯಾವ ಅಂಗಡಿಯಲ್ಲೂ ನಡೆಯದು. ಹಳೆಯ ನಿಯಮದ ಪುಸ್ತಕವಾದರೋ, ಮೇಜಿನ ಸುತ್ತ ಕುಳಿತ ನಾಲ್ವರು ಒಪ್ಪಿದರೆ ಇಂದಿಗೂ ನಡೆಯುತ್ತದೆ. ಬದಲಾಯಿಸುವುದೇ ಆದರೆ ಆ ನಾಲ್ವರ ಒಪ್ಪಿಗೆಯನ್ನು ಮೊದಲು ಪಡೆಯಬೇಕು.