ಸೊಬಗಿಗೆ ಅಂಕ ಹಾಕುವವರ ಹೊಣೆ

2023ರಲ್ಲಿ ಗೋವಾ 37ನೇ ರಾಷ್ಟ್ರೀಯ ಕ್ರೀಡಾಕೂಟ ನಡೆಸಿದಾಗ ಮಲ್ಲಕಂಬವೂ ಪದಕದ ಆಟವಾಗಿತ್ತು. ಆ ನೆಲಕ್ಕೆ ಈ ಕಂಬ ಹೊರಗಿನದಲ್ಲ. ಮಲ್ಲಸ್ತಂಭದ ಅತಿ ಹಳೆಯ ಉಲ್ಲೇಖವೆಂದು ವಿದ್ವಾಂಸರು ತೋರಿಸುವುದು 12ನೇ ಶತಮಾನದ ‘ಮಾನಸೋಲ್ಲಾಸ’ವನ್ನು. ಅದರ ಕರ್ತೃ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ. ಅವನ ಸೋದರಿ ಮೈಲಲದೇವಿ ಗೋವಾ ಕದಂಬರ ಎರಡನೆಯ ಜಯಕೇಶಿಯ ರಾಣಿ. ಇಂದು ಬಾಗಲಕೋಟೆಯ ತುಳಸಿಗೇರಿ, ಗದಗಿನ ಲಕ್ಷ್ಮೇಶ್ವರಗಳಲ್ಲಿ ಮಕ್ಕಳು ಅದೇ ವಿದ್ಯೆಯನ್ನು ಕಲಿಯುತ್ತಿದ್ದಾರೆ.

ಓಟದಲ್ಲಿ ಗೆದ್ದವರಾರೆಂದು ಗಡಿಯಾರ ಹೇಳುತ್ತದೆ. ಮಲ್ಲಕಂಬದಲ್ಲಿ ಅದನ್ನು ಹೇಳಬೇಕಾದವರು ಮನುಷ್ಯರು. ಪಟ್ಟು ಎಷ್ಟು ಕಠಿಣ, ಒಂದರಿಂದ ಇನ್ನೊಂದಕ್ಕೆ ಹೊರಳಿದ್ದು ಎಷ್ಟು ಸಲೀಸು, ದೇಹದ ನಿಲುವು ಎಷ್ಟು ಅಚ್ಚುಕಟ್ಟು ಎಂಬುದನ್ನೆಲ್ಲ ಒಂದೂವರೆ ನಿಮಿಷವೂ ಮೀರದ ಪ್ರದರ್ಶನದಲ್ಲಿ ತೂಗಿ ನೋಡಬೇಕು. ಹಿಮದ ಇಳಿಜಾರಿನ ಸ್ನೋಬೋರ್ಡಿಂಗ್‌ಗೂ ಇದೇ ಕಷ್ಟವಿದೆ.

ಒಲಿಂಪಿಕ್ಸ್‌ನ ಹಾಫ್‌ಪೈಪ್ ಸ್ನೋಬೋರ್ಡಿಂಗ್ ಸ್ಪರ್ಧೆಯಲ್ಲಿ ಆರು ಮಂದಿ ತೀರ್ಪುಗಾರರು ತಲಾ 100ಕ್ಕೆ ಅಂಕ ಕೊಡುತ್ತಾರೆ. ಅತಿ ಹೆಚ್ಚಿನದನ್ನೂ ಅತಿ ಕಡಿಮೆಯದನ್ನೂ ಬಿಟ್ಟು ಉಳಿದ ನಾಲ್ಕರ ಸರಾಸರಿ ಹಿಡಿಯುತ್ತಾರೆ. ಫೈನಲ್‌ನ ಮೂರು ಸರದಿಗಳಲ್ಲಿ ಉತ್ತಮವಾದುದೊಂದೇ ಲೆಕ್ಕಕ್ಕೆ. ಒಬ್ಬರ ಪಕ್ಷಪಾತ ಇಲ್ಲಿ ನಡೆಯದು. ಆದರೆ ಎಲ್ಲರೂ ಒಟ್ಟಿಗೆ ತಪ್ಪಿದರೆ?

2022ರ ಬೀಜಿಂಗ್‌ನಲ್ಲಿ ಜಪಾನಿನ ಅಯುಮು ಹಿರಾನೊ ಮೂರು ಸಲ ತಲೆಕೆಳಗಾಗಿ ನಾಲ್ಕು ಸುತ್ತು ತಿರುಗುವ ಜಿಗಿತವನ್ನು ಎರಡನೆಯ ಸರದಿಯಲ್ಲೇ ಸಾಧಿಸಿದರು. ಸಿಕ್ಕಿದ್ದು 91.75. ಜಗತ್ತೇ ಹುಬ್ಬೇರಿಸಿತು. ಮೂರನೆಯ ಸರದಿಯಲ್ಲಿ ಹೆಚ್ಚುಕಡಿಮೆ ಅದನ್ನೇ ಮಾಡಿ 96 ಪಡೆದು ಚಿನ್ನ ಗೆದ್ದರು. ಅದೇ ಕೂಟದ ಇನ್ನೊಂದು ಸ್ನೋಬೋರ್ಡಿಂಗ್ ಸ್ಪರ್ಧೆಯಾದ ಸ್ಲೋಪ್‌ಸ್ಟೈಲ್‌ನಲ್ಲಿ ಕೆನಡಾದ ಮ್ಯಾಕ್ಸ್ ಪ್ಯಾರಟ್ ಹಲಗೆಯನ್ನು ಹಿಡಿಯುವ ಬದಲು ಮೊಣಕಾಲು ಹಿಡಿದದ್ದು ತೀರ್ಪುಗಾರರಿಗೆ ಒದಗಿಸಿದ ಕ್ಯಾಮೆರಾ ಕೋನದಲ್ಲಿ ಕಾಣಲಿಲ್ಲ. ಮುಖ್ಯ ತೀರ್ಪುಗಾರರು ಆಮೇಲೆ ಲೋಪ ಒಪ್ಪಿಕೊಂಡರು. ಚಿನ್ನದ ಪದಕ ಪ್ಯಾರಟ್‌ಗೇ ಉಳಿಯಿತು.

ಸರಾಸರಿ ಲೆಕ್ಕವು ಒಬ್ಬರ ಒಲವನ್ನು ಕಳೆಯಬಲ್ಲದು. ಯಾರ ಕಣ್ಣಿಗೂ ಬೀಳದ್ದನ್ನು ತೋರಿಸಲಾರದು. ಅದಕ್ಕೆ ಬೇರೆ ಬೇರೆ ಕೋನಗಳ ದೃಶ್ಯ ಬೇಕು, ಯಾವುದಕ್ಕೆ ಎಷ್ಟು ಅಂಕ ಕಡಿತವಾಯಿತೆಂಬ ವಿವರ ಬಹಿರಂಗವಾಗಬೇಕು, ತಪ್ಪನ್ನು ಪದಕ ಕೊಡುವ ಮೊದಲೇ ತಿದ್ದಲು ದಾರಿಯಿರಬೇಕು.

ದೊಡ್ಡ ಕೂಟಗಳಿಗೆ ಈಚೆಗೆ ಕಾಲಿಟ್ಟ ಮಲ್ಲಕಂಬ ಈ ಪಾಠವನ್ನು ಈಗಲೇ ಕಲಿಯಲಿ. ವರ್ಷಗಟ್ಟಲೆ ಅಂಗೈ ಸವೆಸಿ ಕಂಬವೇರಿದ ಹುಡುಗನಿಗೆ ಸೋಲು ಸಹಿಸುವ ಶಕ್ತಿ ಇರುತ್ತದೆ. ತಾನು ಎಲ್ಲಿ ಅಂಕ ಕಳೆದುಕೊಂಡೆ ಎಂದು ಅವನು ಕೇಳಿದರೆ, ಉತ್ತರ ಕೊಡುವುದು ತೀರ್ಪುಗಾರರ ಔದಾರ್ಯವಲ್ಲ, ಕರ್ತವ್ಯ.